ಬೇಡ ಎನ್ನುವ ಕೀಲಿಕೈ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರಾಗಲಿ ತಮ್ಮ ಕೆಲಸವಾಗಲಿ ಯಾರ ಕಣ್ಣಿಗೂ ಬೀಳಬಾರದು ಎಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದರು. ಈಗ ಅವರಿಲ್ಲ. ಕೆಲಸದ ಬಗ್ಗೆ ಬರೆಯುತ್ತಿದ್ದೇನೆ, ಹೆಸರು ಬಿಟ್ಟಿದ್ದೇನೆ; ಅರ್ಧ ಮಾತನ್ನಾದರೂ ಉಳಿಸಿಕೊಂಡಂತಾಯಿತು. ಊರು ಹೇಳಿದರೆ ತಪ್ಪಿಲ್ಲ ಅನ್ನಿಸುತ್ತದೆ. ಅವರು ಹುಮನಾಬಾದಿನವರು. ಬಸವಕಲ್ಯಾಣದಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲಿನ ಎರಡು ಕೋಣೆಗಳಲ್ಲಿ ಕೆಲವು ವರ್ಷ ಬಾಡಿಗೆಗಿದ್ದರು. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಅವರು ನನ್ನನ್ನು ಅಕ್ಕೋರ ಎನ್ನುತ್ತಿದ್ದರು, ನಾನು ಅವರನ್ನು ಮೇಡಮ್ ಎನ್ನುತ್ತಿದ್ದೆ. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ, ಅದು ಖರೆಯೋ ಸುಳ್ಳೋ ಎಂದು ಇನ್ನೊಬ್ಬರಿಗೆ ಫೋನ್ ಮಾಡಿ ಕೇಳಿದೆ. ಆ ಚಟ ನನಗೆ ಅವರಿಂದಲೇ ಹತ್ತಿದ್ದು.

ಮನೆ ನೋಡಲು ಬಂದವರು ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮೊದಲು ಕೇಳುತ್ತಾರೆ. ಅವರು ಅದನ್ನು ಕೇಳಲೇ ಇಲ್ಲ. ಮಾಳಿಗೆಯ ಬಾಗಿಲಿನ ಕೀಲಿಕೈ ಯಾರ ಯಾರ ಹತ್ತಿರ ಇದೆ, ಹಿಂದೆ ಇದ್ದವರು ತಮ್ಮದನ್ನು ತಿರುಗಿ ಕೊಟ್ಟು ಹೋದರೇ, ಪಕ್ಕದ ಮಾಳಿಗೆಯಿಂದ ಇಲ್ಲಿಗೆ ದಾಟಿ ಬರಬಹುದೇ, ಇವು ಅವರ ಪ್ರಶ್ನೆಗಳು. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಐವತ್ತರ ಹತ್ತಿರದ ಹೆಂಗಸು, ಗಿಡ್ಡ ಮೈಕಟ್ಟು, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಕೂದಲು, ದಪ್ಪ ಕನ್ನಡಕ. ಮಾತಾಡುವಾಗ ಎದುರಿನವರ ಮುಖ ಬಿಟ್ಟು ಕೈ ನೋಡುತ್ತಿದ್ದರು. ಹುಮನಾಬಾದಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಲಾಕರ್ ನೋಡಿಕೊಳ್ಳುವ ಕೆಲಸ ಮಾಡಿದ್ದೆ, ಈಗ ಒಂದು ಕಂಪನಿಯ ಕೆಲಸ, ಮನೆಯಿಂದಲೇ ಮಾಡುವುದು ಎಂದರು. ಎಂಥ ಕೆಲಸ ಎಂದು ನಮ್ಮನೆಯವರು ಕೇಳಿದ್ದಕ್ಕೆ ಕಂಪ್ಯೂಟರಿಂದು ಎಂದು ಮುಗಿಸಿದರು.

ಬಾಗಿಲಿಗೆ ಹೊಸ ಕೀಲಿಯನ್ನು ತಮ್ಮ ಖರ್ಚಿನಲ್ಲೇ ಹಾಕಿಸಿದರು. ಮೂರನೆಯ ದಿನ ಟೆಂಪೋದಲ್ಲಿ ಒಂದು ಚಿಕ್ಕ ಕಬ್ಬಿಣದ ತಿಜೋರಿ ಬಂತು. ಅದನ್ನು ಮೇಲೆ ಹತ್ತಿಸಲು ನಾಲ್ಕು ಜನ ಬೇಕಾದರು. ಅವರು ಇಳಿದು ಹೋದ ಮೇಲೆ ಮೇಡಮ್ ತಾವೇ ಅದನ್ನು ನೂಕಿ ಬೇರೆ ಕೋಣೆಗೆ ಸರಿಸಿದರಂತೆ. ಕೆಳಗೆ ನಮಗೆ ಜಂತಿ ನಡುಗಿದ ಸಪ್ಪಳ ಕೇಳಿಸಿತು.

ನಮ್ಮ ಓಣಿ ಊರಿನ ಹಳೆಯ ಕೋಟೆ, ಕಿಲ್ಲಾದ ಕಡೆಗಿದೆ. ಕಿಲ್ಲಾದ ಹತ್ತಿರದ ಓಣಿಗಳಲ್ಲಿ ನಿಧಿಯ ಮಾತಿಗೆ ಬರ ಇರುವುದಿಲ್ಲ. ತಿಜೋರಿ ಬಂದದ್ದೇ ಸಾಕಾಯಿತು. ಆ ಹೆಂಗಸು ನಿಧಿ ತೆಗೆಯುವವರ ಪೈಕಿ ಎಂದು ಒಬ್ಬರು, ಖೋಟಾ ನೋಟು ಎಂದು ಇನ್ನೊಬ್ಬರು, ಕ್ರಿಕೆಟ್ ಸಟ್ಟಾ ಎಂದು ಮತ್ತೊಬ್ಬರು. ನಮ್ಮನೆಯವರ ಮೋಟಾರು ರಿಪೇರಿ ಅಂಗಡಿಗೆ ಬಂದವರೆಲ್ಲ ಮೊದಲು ಮೇಲಿನ ಮೇಡಮ್ ಬಗ್ಗೆ ವಿಚಾರಿಸಿ ನಂತರ ಮೋಟಾರಿನ ಮಾತು ತೆಗೆಯತೊಡಗಿದರು. ಕಡೆಗೆ ಠಾಣೆಯಿಂದ ಒಬ್ಬ ಕಾನ್‌ಸ್ಟೇಬಲ್ ಬಂದರು. ಮೇಡಮ್ ಅವರನ್ನು ಒಳಗೆ ಬಿಡಲಿಲ್ಲ. ಮೊದಲು ಅವರ ಗುರುತಿನ ಚೀಟಿ ಇಸಿದುಕೊಂಡು ಠಾಣೆಗೆ ಫೋನ್ ಮಾಡಿ, ಇಂಥವರನ್ನು ನೀವೇ ಕಳಿಸಿದ್ದೀರಾ ಎಂದು ಕೇಳಿದರು. ಹೌದೆಂದ ಮೇಲೆ ಬಾಗಿಲು ತೆರೆದರು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಕೆಳಗಿಳಿದು ಬಂದ ಕಾನ್‌ಸ್ಟೇಬಲ್, ಕಾಗದಪತ್ರ ಎಲ್ಲ ಸರಿ ಇವೆ, ಕಂಪನಿಯೂ ಸರಿ ಇದೆ ಎಂದು ನಮಗೆ ಹೇಳಿ ನೀರು ಕೇಳಿ ಕುಡಿದರು. ಕೆಲಸ ಏನೆಂದು ಮಾತ್ರ ತಮಗೆ ತಿಳಿಯಲಿಲ್ಲ ಎಂದರು. ಅದರಿಂದ ನಮ್ಮ ಅನುಮಾನ ಹೋಗುವ ಬದಲು ಇನ್ನಷ್ಟು ಗಟ್ಟಿಯಾಯಿತು.

ಅವರು ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನು ಕೊಟ್ಟ ಹಾಲನ್ನು ಕಾಯಿಸಿ, ಒಡೆಯದೆ ನಿಂತದ್ದನ್ನು ನೋಡಿಯೇ ಅವನಿಗೆ ಹೋಗಲು ಹೇಳುತ್ತಿದ್ದರು. ಹುಮನಾಬಾದಿಗೆ ತಾಯಿಯನ್ನು ನೋಡಲು ಹೋಗುವಾಗ ಇಂಥ ದಿನ ಬರುತ್ತೇನೆ ಎಂದು ತಾಯಿಗೂ ಹೇಳುತ್ತಿರಲಿಲ್ಲ. ಒಮ್ಮೆ ನೇರ ಬಸ್ಸು ಹಿಡಿದರೆ ಇನ್ನೊಮ್ಮೆ ಸಸ್ತಾಪುರ ಬಂಗ್ಲಾದಲ್ಲಿ ಇಳಿದು ಬೇರೆ ಬಸ್ಸು ಹತ್ತುತ್ತಿದ್ದರು. ನಮ್ಮ ಮಗಳ ನಿಶ್ಚಿತಾರ್ಥದಲ್ಲಿ ಫೋಟೋದವನು ಹತ್ತಿರ ಬಂದಾಗಲೆಲ್ಲ ಊಟದ ತಾಟನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದು ಯಾರನ್ನೋ ಹುಡುಕುತ್ತಿರುವಂತೆ ತಿರುಗಿಬಿಡುತ್ತಿದ್ದರು. ಅಷ್ಟು ಫೋಟೋಗಳಲ್ಲಿ ಒಂದರಲ್ಲೂ ಅವರ ಮುಖವಿಲ್ಲ. ಹಾಗೆಂದು ಒರಟು ಸ್ವಭಾವದವರೇನಲ್ಲ. ಆ ಮಗಳಿಗೆ ಜ್ವರ ಬಂದಾಗ ಎರಡು ದಿನ ಗಂಜಿ ಕಾಯಿಸಿ ತಂದುಕೊಟ್ಟರು. ಕೊಡುವ ಮೊದಲು ನಮ್ಮೆದುರಿಗೆ ತಾವೊಂದು ಚಮಚ ಕುಡಿದು ತೋರಿಸಿದರು. ನಾವು ಅವರನ್ನು ನಂಬಬಾರದು ಎಂಬುದೂ ಅವರಿಗೆ ಸಹಜವಾಗಿಯೇ ಕಾಣುತ್ತಿತ್ತು.

ಒಂದು ದಿನ ನಾನೇ ಮೇಲೆ ಹೋಗಿ, ನನ್ನ ಮನೆಯಲ್ಲಿ ಏನಿಟ್ಟಿದ್ದೀರಿ, ಮಕ್ಕಳಿರುವ ಮನೆ ಇದು, ನನಗೆ ಗೊತ್ತಾಗಬೇಕು ಎಂದು ಕೇಳಿದೆ. ಅವರು ಮೊದಲು ನನ್ನ ಕೈ ನೋಡಿದರು.

"ನಿಮ್ಮ ಮನ್ಯಾಗ ಒಂದು ರೂಪಾಯಿನೂ ಇಟ್ಟಿಲ್ರಿ ಅಕ್ಕೋರ" ಎಂದರು. "'ಬ್ಯಾಡ' ಅನ್ನೂ ಹಕ್ಕು ಒಂದು ಇಟ್ಟೀನಿ. ಅಷ್ಟಽ."

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಕಂಪ್ಯೂಟರಿನಲ್ಲೇ ಹುಟ್ಟಿ ಕಂಪ್ಯೂಟರಿನಲ್ಲೇ ಕೈ ಬದಲಾಯಿಸುವ ನಾಣ್ಯಗಳಿವೆ. ಯಾರಿಂದ ಯಾರಿಗೆ ಎಷ್ಟು ಹೋಯಿತು ಎಂಬುದು ಲೋಕದ ತುಂಬ ಇರುವ ಯಂತ್ರಗಳಲ್ಲಿ ಒಂದರ ಬೆನ್ನಿಗೊಂದು ಸರಪಳಿಯಂತೆ ದಾಖಲಾಗುತ್ತ ಹೋಗುತ್ತದೆ. ಅದಕ್ಕೇ ಬ್ಲಾಕ್‌ಚೈನ್ ಎನ್ನುತ್ತಾರೆ. ಬಹುತೇಕ ಸರಪಳಿಗಳಲ್ಲಿ ಈ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು. ಕೆಲವಕ್ಕೆ ಮಾತ್ರ ಪರದೆ ಇರುತ್ತದೆ: ವ್ಯವಹಾರ ನಡೆಯಿತು, ಅದು ಸರಿಯಾಗಿದೆ ಎಂಬುದಷ್ಟೇ ತಿಳಿಯುತ್ತದೆ, ಕೊಟ್ಟವರು, ತೆಗೆದುಕೊಂಡವರು, ಮೊತ್ತ ಯಾವುದೂ ಹೊರಗಿನವರಿಗೆ ಕಾಣುವುದಿಲ್ಲ. ಇಂಥ ನಾಣ್ಯಗಳನ್ನು ದೊಡ್ಡ ದೊಡ್ಡ ಸಂಸ್ಥೆಗಳೂ ಇಟ್ಟುಕೊಂಡಿರುತ್ತವೆ. ತಾವೇ ಕಾಯುವುದು ಕಷ್ಟವೆಂದು, ಕಾಯುವುದನ್ನೇ ಉದ್ಯೋಗ ಮಾಡಿಕೊಂಡ ಕಂಪನಿಯ ಜಿಮ್ಮಾಕ್ಕೆ ಒಪ್ಪಿಸುತ್ತವೆ. ಮೇಡಮ್ ಕೆಲಸ ಮಾಡುತ್ತಿದ್ದುದು ಅಂಥ ಒಂದು ಕಂಪನಿಗೆ. ಆ ಕಂಪನಿ ಕೀಲಿಕೈಯನ್ನು ಐದು ಪಾಲು ಮಾಡಿ ಐದು ಊರುಗಳಲ್ಲಿ ಐವರ ಕೈಗೆ ಕೊಟ್ಟಿತ್ತು. ಮೂವರು ಹೌದೆಂದರೆ ನಾಣ್ಯ ಹೊರಗೆ ಹೋಗುತ್ತದೆ, ಇಲ್ಲವಾದರೆ ಇಲ್ಲ. ಐವರಲ್ಲಿ ಒಬ್ಬರ ಗುರುತು ಇನ್ನೊಬ್ಬರಿಗಿಲ್ಲ. ಇಂಥದ್ದನ್ನು ಇಲ್ಲಿ ಇಟ್ಟಿರಬಹುದು ಎಂದು ಯಾರೂ ಯೋಚಿಸದ ಊರುಗಳೇ ಬೇಕಾಗಿದ್ದವು. ಅದಕ್ಕೆ ಬಸವಕಲ್ಯಾಣ.

ಬೇರೆ ಸರಪಳಿಯಲ್ಲಿ ಕಳುವಾದರೆ ಕಳ್ಳನ ಹೆಜ್ಜೆಯಾದರೂ ಕಾಣುತ್ತದೆ, ಬೆನ್ನು ಹತ್ತಬಹುದು. ಇಲ್ಲಿ ಹೋದರೆ ಹೋಯಿತು, ಯಾವ ದಿಕ್ಕಿಗೆ ಹೋಯಿತು ಎಂಬುದೂ ತಿಳಿಯದು. ಆದ್ದರಿಂದ ಹೋಗುವ ಮೊದಲೇ ತಡೆಯಬೇಕು, ಅದಕ್ಕೇ ತಮ್ಮಂಥವರನ್ನು ಇಟ್ಟಿದ್ದಾರೆ ಎಂದರು. ಲೆಕ್ಕ ತಪಾಸಣೆಯವರಿಗೆ ಬೇರೊಂದು ಕೀಲಿಕೈ ಇರುತ್ತದಂತೆ. ಅದರಿಂದ ಒಳಗಿರುವುದನ್ನು ನೋಡಬಹುದು, ಮುಟ್ಟಲಾಗದು. ತಮ್ಮ ಪಾಲಿನದು ಇದಕ್ಕೆ ತಿರುವುಮುರುವು, ಮುಟ್ಟಬಹುದು, ನೋಡಲಾಗದು ಎಂದು ಹೇಳಿದರು.

ಅಷ್ಟು ಮುಚ್ಚಿಟ್ಟುಕೊಳ್ಳುವವರು ಒಳ್ಳೆಯವರು ಹೇಗಾಗುತ್ತಾರೆ ಎಂದು ಕೇಳಿದೆ.

"ನಿಮ್ಮ ಪಗಾರ ಎಷ್ಟು, ದವಾಖಾನಿಗೆ ಏನ ಕೊಟ್ರಿ ಅಂತ ಮನೀ ಮುಂದ ಬೋರ್ಡ್ ಹಚ್ಚೀರೇನ್ರಿ?"

"ಇಲ್ರಿ. ಖರೆ, ಕಳ್ಳರೂ ಹಚ್ಚಂಗಿಲ್ಲಲ್ರಿ."

ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅದಕ್ಕಽ ನಾ ಯಾರಿಗೂ ನಂಬಂಗಿಲ್ಲ ನೋಡ್ರಿ" ಎಂದರು.

ಯಾರಿಗೂ ಎನ್ನುವುದರಲ್ಲಿ ಅವರ ಕಂಪನಿಯೂ ಸೇರಿತ್ತು. ಯಾವ ಸಂಸ್ಥೆಯ ನಾಣ್ಯ ಕಾಯುತ್ತಿದ್ದೇನೆಂಬುದು ಅವರಿಗೆ ತಿಳಿದಿರಲಿಲ್ಲ. ತನಿಖೆ ಮಾಡಿಯೇ ತೆಗೆದುಕೊಂಡಿದ್ದೇವೆ ಎಂದು ಕಂಪನಿ ಹೇಳುತ್ತಿತ್ತು, ಇವರು ಮತ್ತೆ ಮತ್ತೆ ಕೇಳುತ್ತಿದ್ದರು. ನಾಣ್ಯ ಹೊರಗೆ ಕಳಿಸಬೇಕಾದಾಗ ಮೇಲಧಿಕಾರಿ ವಿಡಿಯೋದಲ್ಲಿ ಬಂದು ಹೇಳಬೇಕು, ಇವರು ಪ್ರಶ್ನೆ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಆ ಅಧಿಕಾರಿ ಮುಂಗೋಪಿ. ಎರಡು ಪ್ರಶ್ನೆಯಾಗುವಷ್ಟರಲ್ಲಿ ರೇಗುತ್ತಿದ್ದ. ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯಲು ಹೋದಾಗ ಅವನು ಹಿಂದಿಯಲ್ಲಿ ಒದರುವುದು, ಇವರು ಅದೇ ದನಿಯಲ್ಲಿ ಮುಂದಿನ ಪ್ರಶ್ನೆ ಕೇಳುವುದು ನನಗೆ ಎಷ್ಟೋ ಸಲ ಕೇಳಿಸಿದೆ.

ಇಷ್ಟೆಲ್ಲ ಕೇಳಿದ ಮೇಲೂ ನನ್ನ ಮನಸ್ಸು ಪೂರ್ತಿ ತಿಳಿಯಾಗಲಿಲ್ಲ. ಕಥೆ ಚೆನ್ನಾಗಿದೆ, ಆದರೆ ಮೋಸ ಮಾಡುವವರ ಕಥೆಯೂ ಚೆನ್ನಾಗಿಯೇ ಇರುತ್ತದೆ. ಗಂಡನಿಗೂ ಹೇಳದಂತೆ ಮಾತು ತೆಗೆದುಕೊಂಡದ್ದು ಬೇರೆ. ನಾನು ಹೇಳಲಿಲ್ಲ. ಆದರೆ ತಿಂಗಳಿಗೊಮ್ಮೆಯಾದರೂ ಏನೋ ನೆಪ ಮಾಡಿಕೊಂಡು ಮೇಲೆ ಹೋಗಿ ತಿಜೋರಿ ಇದೆಯೋ ಇಲ್ಲವೋ ಎಂದು ನೋಡಿ ಬರುತ್ತಿದ್ದೆ. ಅದು ಅವರಿಗೂ ತಿಳಿದಿತ್ತು. ನಾನು ಹೋದಾಗ ಆ ಕೋಣೆಯ ಬಾಗಿಲನ್ನು ಸ್ವಲ್ಪ ಸರಿಸಿಯೇ ಇಡುತ್ತಿದ್ದರು.

ಅವರಿಗೆ ಮದುವೆಯಾಗಿರಲಿಲ್ಲ. ಹುಮನಾಬಾದಿನಲ್ಲಿ ತಾಯಿ, ತಮ್ಮ, ತಮ್ಮನ ಹೆಂಡತಿ ಇದ್ದರು. ಮೂಲ ಊರು ದುಬಲಗುಂಡಿ. ತಾಯಿ ಅಲ್ಲಿ ಕಂಡವರ ಹೊಲದಲ್ಲಿ ಕೂಲಿ ಮಾಡಿ ಇಬ್ಬರು ಮಕ್ಕಳನ್ನು ಬೆಳೆಸಿದವರು. ತಮ್ಮನದು ಮದುವೆ ಮುಂಜಿಗೆ ಪೆಂಡಾಲು, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಧಂದೆ. ಅಕ್ಕ ಬಸವಕಲ್ಯಾಣದಲ್ಲಿದ್ದಾಳೆ ಎಂದು ಅವನಿಗೆ ಗೊತ್ತಿತ್ತು. ಯಾವ ಓಣಿ, ಯಾರ ಮನೆ ಎಂದು ಗೊತ್ತಿರಲಿಲ್ಲ. ಕೆಟ್ಟವರು ಯಾರಾದರೂ ತಮ್ಮನ್ನು ಹುಡುಕಿಕೊಂಡು ಬರುವುದಾದರೆ ಅವನ ಮುಖಾಂತರವೇ ಬರುತ್ತಾರೆ, ಗೊತ್ತಿಲ್ಲದವನನ್ನು ಹಿಡಿದು ಹೆದರಿಸಿ ಉಪಯೋಗವಿಲ್ಲ ಎಂಬುದು ಅವರ ಲೆಕ್ಕಾಚಾರ. ಅವನಿಗೆ ಅದು ಹಾಗೆ ಕಾಣಲಿಲ್ಲ. ಒಡಹುಟ್ಟಿದವನಿಗೆ ಮನೆ ತೋರಿಸದ ಅಕ್ಕ ಎಂದೇ ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ.

ಆ ದಿನ ಬೇಸಿಗೆ ರಜೆ. ಮುಂಜಾನೆಯಿಂದ ನಾನು ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದೆ. ಮೇಡಮ್ ತಮ್ಮದೊಂದು ಹಳೆಯ ಬಿಳಿ ಸೀರೆ ತಂದು ಹಾಸಲು ಕೊಟ್ಟು, ತಾವೂ ಕೂತು ನಾಲ್ಕು ಸಾಲು ಹಾಕಿದರು. ಮಧ್ಯಾಹ್ನ ಊಟದ ಹೊತ್ತಿಗೆ ಅವರಿಗೆ ಒಂದು ಫೋನ್ ಬಂತು. ನಂಬರು ಗುರುತಿನದಲ್ಲ. ತಮ್ಮನ ದನಿ. ಅವ್ವ ಬಿದ್ದುಬಿಟ್ಟಾಳ, ದವಾಖಾನಿಗೆ ತಂದೀವಿ, ನಿನ್ನ ಹೆಸರ ಹಿಡದು ಕರಿಯಾಕತ್ತಾಳ, ಲಗೂನ ಬಾ ಎಂದು ಅಳುತ್ತಿದ್ದ. ನಮ್ಮ ಟೆಂಪೋ ಮದುವೆ ಸಾಮಾನು ತರಲು ಕಲ್ಯಾಣಕ್ಕೇ ಹೋಗಿದೆ, ನಿನ್ನ ಮನೆ ಎಲ್ಲಿದೆ ಹೇಳು, ಬಾಗಿಲಿಗೇ ಕಳಿಸುತ್ತೇನೆ ಎಂದ.

ಮೇಡಮ್ ಫೋನ್ ಇಟ್ಟುಬಿಟ್ಟರು. ತಮ್ಮ ದೊಡ್ಡವನಾದ ಮೇಲೆ ಅತ್ತದ್ದನ್ನು ಅವರು ಒಮ್ಮೆಯೂ ಕೇಳಿರಲಿಲ್ಲ. ನಂಬರು ಬೇರೆ. ಕೇಳಿದ್ದು ಮನೆಯ ವಿಳಾಸ. ಯಾರ ದನಿಯನ್ನಾದರೂ ಕಂಪ್ಯೂಟರಿನಲ್ಲಿ ಮಾಡಿ ಆಡಿಸುವ ಕಾಲ ಇದು ಎಂದು ಅವರು ನನಗೆ ಹಿಂದೆಯೇ ಹೇಳಿದ್ದುಂಟು. ತಮ್ಮನ ನಂಬರಿಗೆ ಮಾಡಿ ನೋಡಿದರು, ಬಂದಾಗಿತ್ತು. ಹುಮನಾಬಾದಿನ ನೆರೆಮನೆಯ ಹೆಂಗಸಿಗೆ ಮಾಡಿದರು, ಎತ್ತಲಿಲ್ಲ. ಇಷ್ಟಾಗುವುದರೊಳಗೆ ಕಂಪನಿಯ ಕರೆ. ವಿಡಿಯೋದಲ್ಲಿ ಅದೇ ಮೇಲಧಿಕಾರಿ. ದೊಡ್ಡ ಮೊತ್ತವೊಂದು ತುರ್ತಾಗಿ ಹೊರಗೆ ಹೋಗಬೇಕು, ಇಬ್ಬರು ಆಗಲೇ ಹೌದೆಂದಿದ್ದಾರೆ, ನಿಮ್ಮದೊಂದೇ ಬಾಕಿ ಎಂದ.

ನಾನು ಸಂಡಿಗೆ ತಿರುವಿ ಹಾಕುತ್ತಿದ್ದಾಗ ಅವರು ಹೊರಗೆ ಬಂದು ಗೋಡೆಗೆ ಒರಗಿ ನಿಂತರು. ಎರಡೂ ಕರೆಗಳನ್ನು ವಿವರಿಸಿದರು. ಎರಡೂ ಒಂದೇ ಬಲೆ, ಮನೆ ಬಿಟ್ಟು ಹೊರಗೆ ಎಳೆಯಲು ಒಂದು, ಗಡಬಡಿಯಲ್ಲಿ ಹೌದೆನ್ನಿಸಲು ಇನ್ನೊಂದು ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

"ಇವತ್ತ ಆ ಸಾಹೇಬ ನಾ ಕೇಳಿದ್ದಕ್ಕೆಲ್ಲ ಸಮಾಧಾನದಿಂದ ಜವಾಬು ಕೊಟ್ಟಾನ್ರಿ" ಎಂದರು. "ಒಂದು ಸಲಾನೂ ಸಿಟ್ಟಿಗೇಳಲಿಲ್ಲ. ಆ ಮನಷ್ಯಾಗ ಇಷ್ಟು ತಾಳ್ಮಿ ಎಲ್ಲಿಂದ ಬಂತು? ನಾ ಬ್ಯಾಡ ಅಂದೀನಿ."

ಆಮೇಲೆ ನನ್ನ ಕೈ ಹಿಡಿದುಕೊಂಡರು. ಅವರು ಹಾಗೆ ಮುಟ್ಟಿದವರೇ ಅಲ್ಲ. ಕಂಪನಿಯ ಉಳಿದವರಿಗೆ ಸುದ್ದಿ ಮುಟ್ಟಿಸಿ ಎಲ್ಲ ಬಂದೋಬಸ್ತಾಗುವ ತನಕ ತಾವು ಆ ಕೋಣೆ ಬಿಡುವಂತಿಲ್ಲ, ನೀವೊಬ್ಬರು ಹುಮನಾಬಾದಿಗೆ ಹೋಗಿ ನಿಮ್ಮ ಕಣ್ಣಿನಿಂದ ನೋಡಿ ಹೇಳಿ ಎಂದು ಕೇಳಿಕೊಂಡರು. ನಮ್ಮನೆಯವರಿಗೆ ಏನೋ ಒಂದು ಕಾರಣ ಹೇಳಿ ಬಸ್ಸು ಹತ್ತಿದೆ. ಬಿಸಿಲಿಗೆ ಕಿಟಕಿಯ ಸರಳು ಸುಡುತ್ತಿತ್ತು. ಬಸ್ಸು ರಾಜೇಶ್ವರ ಊರು ದಾಟುವ ತನಕ ನಾನು ಯೋಚಿಸಿದ್ದು ಒಂದೇ: ಇವರು ನನ್ನನ್ನು ಮನೆಯಿಂದ ಹೊರಗೆ ಕಳಿಸಿದ್ದು ಯಾಕೆ? ನಾನು ಬರುವಷ್ಟರಲ್ಲಿ ತಿಜೋರಿ, ಮೇಡಮ್ ಎರಡೂ ಇರುವುದಿಲ್ಲವೇನೋ ಎಂದೂ ಅನ್ನಿಸಿತು.

ಹುಮನಾಬಾದಿನ ಸರಕಾರಿ ದವಾಖಾನೆಯಲ್ಲಿ ತಾಯಿ ನಿಜವಾಗಿಯೂ ಇದ್ದರು. ಸಣ್ಣ ದೇಹ, ಮಂಚದ ಅರ್ಧವೂ ತುಂಬಿರಲಿಲ್ಲ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಮೆದುಳಿಗೆ ರಕ್ತ ಹೋಗುವ ನರ ಕಟ್ಟಿದೆ ಎಂದು ಡಾಕ್ಟರು ಹೇಳಿದ್ದರಂತೆ. ತೊದಲುತ್ತಲೇ ಮಗಳ ಹೆಸರು ಕರೆಯುತ್ತಿದ್ದರು. ಮಂಚದ ಪಕ್ಕ ನಿಂತಿದ್ದ ಎತ್ತರದ ಮನುಷ್ಯ ತಾನೇ ತಮ್ಮ ಎಂದ. ಅವನ ಫೋನು ಬ್ಯಾಟರಿ ಮುಗಿದು ಬಂದಾಗಿತ್ತು, ಪಕ್ಕದ ಮಂಚದವರ ಫೋನಿನಿಂದ ಅಕ್ಕನಿಗೆ ಮಾಡಿದ್ದ. ನೆರೆಮನೆಯ ಹೆಂಗಸೂ ಅಲ್ಲೇ ಇದ್ದರು, ಗಡಬಡಿಯಲ್ಲಿ ಫೋನ್ ಮನೆಯಲ್ಲೇ ಬಿಟ್ಟು ಬಂದಿದ್ದರು.

ನಾನು ಮೇಡಮ್‌ಗೆ ಫೋನ್ ಮಾಡಿ ಎಲ್ಲ ಖರೆ, ಕೂಡಲೇ ಬನ್ನಿ ಎಂದೆ.

"ಇವತ್ತ ಮುಂಜಾನಿ ಮಾಳಿಗಿ ಮ್ಯಾಲ ನಾ ನಿಮಗ ಏನ ಕೊಟ್ಟೀನ್ರಿ?" ಎಂದು ಕೇಳಿದರು.

ನನಗೆ ಮೊದಲು ಅರ್ಥವಾಗಲಿಲ್ಲ. ನನ್ನ ದನಿಯನ್ನೂ ಪರೀಕ್ಷೆ ಮಾಡುತ್ತಿದ್ದಾರೆ ಎಂದು ಅರ್ಥವಾದ ಮೇಲೆ ಮೈಯೆಲ್ಲ ಉರಿಯಿತು. ಬಿಳಿ ಸೀರೆ ಎಂದೆ. ನೀವು ಎಷ್ಟು ಸಾಲು ಸಂಡಿಗೆ ಹಾಕಿದಿರಿ ಎಂದೂ ಹೇಳಿದೆ. ಅವರು ಇನ್ನೊಂದು ಪ್ರಶ್ನೆ ತೆಗೆದರು. ತಮ್ಮ ನನ್ನ ಎದುರಿಗೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ.

"ನಂಬ್ರಿ, ಇಲ್ಲಾ ಬಿಡ್ರಿ" ಎಂದೆ. "ನಿಮ್ಮವ್ವ ಕರಿಯಾಕತ್ತಾರ. ನಾ ಫೋನ್ ಅವರ ಬಾಯಿಗೆ ಹಿಡೀತೀನಿ, ಕೇಳ್ರಿ."

ಹಿಡಿದೆ. ತಾಯಿ ಮಗಳ ಹೆಸರನ್ನು ಎರಡು ಸಲ ಅಂದರು. ಆ ಕಡೆಯಿಂದ ಫೋನ್ ಕಟ್ಟಾಯಿತು.

ಅವರು ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕೂಡಲೇ ಹೊರಟರೋ, ಬಂದೋಬಸ್ತು ಮುಗಿಯುವ ತನಕ ಕೂತು ಹೊರಟರೋ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ತಾಯಿಯ ಮಾತು ಅದಕ್ಕೆ ಸ್ವಲ್ಪ ಮೊದಲು ಪೂರ್ತಿ ಬಿದ್ದುಹೋಗಿತ್ತು. ಮಗಳನ್ನು ನೋಡಿದರು, ಗುರುತು ಹತ್ತಿತು, ಕಣ್ಣಲ್ಲಿ ನೀರು ಬಂತು, ಬಾಯಿಂದ ಹೆಸರು ಬರಲಿಲ್ಲ. ಮುಂದೆಂದೂ ಬರಲಿಲ್ಲ.

ಅಕ್ಕನನ್ನು ಹೊರಗೆ ಕರೆದು ತಮ್ಮ ಕೇಳಿದ್ದು ಒಂದೇ ಮಾತು. "ನನ್ನ ದನಿ ಗುರ್ತ ಸಿಗಲಿಲ್ಲೇನು ನಿನಗ?"

ಅವರು ತಲೆ ತಗ್ಗಿಸಿ ಅವನ ಕೈ ನೋಡುತ್ತ ನಿಂತರು. ಏನು ಹೇಳಬೇಕಾದರೂ ಕೆಲಸದ ಸುದ್ದಿ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ. ಅಂದಿನಿಂದ ಅವನು ಅವರ ಜತೆ ಮಾತು ಬಿಟ್ಟ.

ಮರುದಿನ ಕಂಪನಿಯಿಂದ ಸುದ್ದಿ ಬಂತಂತೆ. ವಿಡಿಯೋದಲ್ಲಿ ಬಂದವನು ಆ ಅಧಿಕಾರಿಯಾಗಿರಲಿಲ್ಲ. ಮುಖ, ದನಿ ಎರಡೂ ಯಂತ್ರದಲ್ಲಿ ಮಾಡಿದ್ದು. ಉಳಿದ ನಾಲ್ವರಲ್ಲಿ ಇಬ್ಬರು ನಂಬಿ ಹೌದೆಂದಿದ್ದರು. ಮೇಡಮ್ ಕೂಡ ಹೌದೆಂದಿದ್ದರೆ ಅಷ್ಟೂ ನಾಣ್ಯ ಪರದೆಯ ಹಿಂದೆ ಹೋಗಿ ಮಾಯವಾಗುತ್ತಿತ್ತು. ಕಂಪನಿಯವರು ಅವರನ್ನು ಬಹಳ ಹೊಗಳಿದರಂತೆ. ಇದನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಒಂದು ಸುಳ್ಳಿತ್ತು, ಒಂದು ಖರೆ ಇತ್ತು" ಎಂದರು. "ನಾ ಎರಡಕ್ಕೂ ಒಂದೇ ಜವಾಬು ಕೊಟ್ಟೀನಿ ಅಕ್ಕೋರ."

ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟರು. ಕಂಪನಿಯಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಬಂದರು. ಮೇಡಮ್ ಅವರನ್ನೂ ಬಾಗಿಲಲ್ಲಿ ನಿಲ್ಲಿಸಿ ವಿಚಾರಣೆ ಮಾಡಿಯೇ ಒಳಗೆ ಬಿಟ್ಟರು. ತಿಜೋರಿಯೊಳಗಿಂದ ಹೆಬ್ಬೆರಳಿನಷ್ಟು ದೊಡ್ಡ ಒಂದು ವಸ್ತು ಹೊರಗೆ ಬಂತು. ಅದರೊಳಗಿನ ಪಾಲು ಇನ್ನು ಯಾವ ಬಾಗಿಲನ್ನೂ ತೆರೆಯದಂತೆ ಮೊದಲೇ ರದ್ದು ಮಾಡಿದ್ದರು. ನಮ್ಮ ಅಂಗಳದ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿ ಚೂರುಗಳನ್ನು ಕಟ್ಟಿಕೊಂಡು ಹೋದರು. ನಮ್ಮನೆಯವರು ಬಾಗಿಲ ಸಂದಿಯಿಂದ ನೋಡಿ, ಇಷ್ಟಕ್ಕೇ ಇಷ್ಟು ವರ್ಷ ಹೆದರಿದೆವೇ ಎಂದು ನನ್ನನ್ನು ಕೇಳಿದರು.

ಹೊರಡುವ ದಿನ, ನಿಮ್ಮ ತಮ್ಮನಿಗೆ ನಾನು ಹೇಳಲೇ ಎಂದು ಕೇಳಿದೆ. ಬೇಡ ಎಂದರು. ಉಳಿದ ನಾಲ್ವರು ಇನ್ನೂ ಕೆಲಸದಲ್ಲಿದ್ದಾರೆ, ಇಂಥದ್ದೊಂದು ಇದೆ ಎಂಬ ಮಾತು ನಾಲ್ಕು ಮಂದಿಯ ಬಾಯಿಗೆ ಬಿದ್ದರೆ ಅವರಿಗೆ ತೊಂದರೆ ಎಂಬುದು ಅವರ ಕಾರಣ. ಆ ನಾಲ್ವರ ಮುಖವನ್ನು ಅವರು ನೋಡಿರಲಿಲ್ಲ. ಅವರಲ್ಲಿಬ್ಬರು ಮೋಸಕ್ಕೆ ಹೌದೆಂದವರು.

ಹುಮನಾಬಾದಿಗೆ ಹೋಗಿ ತಮ್ಮನ ಮನೆಯಲ್ಲೇ ಉಳಿದು ತಾಯಿಯ ಸೇವೆ ಮಾಡಿದರು. ಮೈ ಒರೆಸುವುದು, ಮಗ್ಗಲು ಬದಲಿಸುವುದು, ಗಂಜಿ ಕುಡಿಸುವುದು. ನಾನು ಎರಡು ಮೂರು ಸಲ ಹೋಗಿದ್ದೆ. ತಮ್ಮನಿಗೆ ಏನಾದರೂ ಹೇಳುವುದಿದ್ದರೆ ಅವನ ಹೆಂಡತಿಗೆ ಹೇಳುತ್ತಿದ್ದರು, ಅವನೂ ಹಾಗೆಯೇ. ತಾಯಿ ಹೋದ ಮೇಲೂ ಅದೇ ಮನೆ, ಅದೇ ಮೌನ. ಅವರ ಅನುಮಾನದ ಗುಣ ಕಡಿಮೆಯಾಗಿತ್ತು. ಒಮ್ಮೆ ನಾನು ಒಯ್ದ ಪೇಡೆಯನ್ನು ಪೊಟ್ಟಣ ತಿರುಗಿಸಿ ನೋಡದೆ ಬಾಯಿಗೆ ಹಾಕಿಕೊಂಡದ್ದು ಕಂಡು ನನಗೆ ಸಂಕಟವಾಯಿತು. ಹೃದಯದ ತೊಂದರೆ ಇತ್ತು. ಹೋದ ತಿಂಗಳು ಮಲಗಿದಲ್ಲೇ ಹೋದರು.

ನಾನು ಹೋದಾಗ ಬುದ್ಧವಂದನೆ ಮುಗಿದು ಜನ ಅಂಗಳದಲ್ಲಿ ಕುಳಿತಿದ್ದರು. ತಮ್ಮ ನನ್ನನ್ನು ಪೆಂಡಾಲು ಸಾಮಾನಿನ ಕೋಣೆಗೆ ಕರೆದು ಎರಡು ಕುರ್ಚಿ ಬಿಡಿಸಿ ಹಾಕಿದ. ಅಕ್ಕ ನಿಮ್ಮ ಮನೆಯಲ್ಲಿ ಏನು ಮಾಡುತ್ತಿದ್ದಳು, ಇನ್ನಾದರೂ ಹೇಳಿ ಎಂದ. ಆ ಉಳಿದ ನಾಲ್ವರು ನೆನಪಾದರು. ಆದರೂ ಹೇಳಿದೆ, ಒಂದನ್ನೂ ಬಿಡದೆ. ಮುಗಿದ ಮೇಲೆ, ಕಂಪನಿಯವರು ಇದನ್ನು ಹೌದೆನ್ನುತ್ತಾರೆಯೇ ಎಂದು ಕೇಳಿದ. ಅನ್ನುವುದಿಲ್ಲ ಎಂದೆ. ಆ ನಾಣ್ಯ ಉಳಿದದ್ದಕ್ಕೆ ಗುರುತು ಏನಾದರೂ ಇದೆಯೇ ಎಂದ. ಆ ಸರಪಳಿಯಲ್ಲಿ ಯಾರಿಗೂ ಏನೂ ಕಾಣುವುದಿಲ್ಲ ಎಂದೆ.

"ಯಾರ ರೊಕ್ಕ ಉಳೀತ್ರಿ?"

"ಗೊತ್ತಿಲ್ರಿ. ಅವರಿಗೂ ಗೊತ್ತಿರಲಿಲ್ಲ."

"ಹಂಗಾರ ಯಾರೋ ಗೊತ್ತಿಲ್ಲದವರ ಸಲುವಾಗಿ ನನ್ನ ಮ್ಯಾಲ ಶಕ್ ಮಾಡಿದಳು."

ಅವನು ನನ್ನನ್ನೇ ನೋಡುತ್ತಿದ್ದ. ಇವಳೂ ಅಕ್ಕನ ಕಡೆಯವಳು, ಅವಳ ಹೆಸರು ಉಳಿಸಲು ಏನೋ ಕಟ್ಟಿ ಹೇಳುತ್ತಿದ್ದಾಳೆ ಎಂಬ ಗುಮಾನಿ ಅವನ ಕಣ್ಣಲ್ಲಿತ್ತು. ಅದು ತಪ್ಪೆನ್ನಲು ನನಗೂ ದಾರಿಯಿರಲಿಲ್ಲ. ಆ ಮಧ್ಯಾಹ್ನದ ಎರಡನೆಯ ಕರೆಯನ್ನು ನಾನು ಕಣ್ಣಾರೆ ಕಂಡವಳಲ್ಲ. ನನಗೂ ಅದು ಅವರ ಬಾಯಿಂದ ಬಂದ ಮಾತು.

ಹೊರಗೆ ಯಾರೋ ಅವನನ್ನು ಕರೆದರು. ಬಂದೆ ಎಂದವನು ಏಳಲಿಲ್ಲ. ಗೋಡೆಯ ಕಡೆ ನೋಡುತ್ತ ಮಾತಾಡಿದ.

"ದುಬಲಗುಂಡ್ಯಾಗ ಇದ್ದಾಗಿನ ಮಾತ್ರಿ. ಅವ್ವ ಕಳೆ ತಗ್ಯಾಕ ಹೊಲಕ್ಕ ಹೋಗೂ ಮುಂದ, ಯಾರ ಬಂದ್ರೂ ಬಾಗಿಲ ತಗೀಬ್ಯಾಡ ಅಂತ ಅಕ್ಕಗ ಹೇಳಿ ಹೋಗತಿದ್ಲು. ಅಕ್ಕ ಸಣ್ಣಾಕಿ, ನಾ ಇನ್ನಾ ಕೂಸು. ಅಪ್ಪ ದುಡ್ಯಾಕ ಹೈದ್ರಾಬಾದಿಗೆ ಹೋದಾಂವ ಒಂದಿನ ಹೇಳದಽ ಬಂದ. ನಾ ನಿಮ್ಮಪ್ಪ ಅದೀನಿ, ತಗಿ ಅಂದ. ಈಕಿ ತಗೀಲಿಲ್ಲ. ಅವ್ವ ಬರೂತನಕ ಅಪ್ಪ ಬಿಸಿಲಾಗ ಕಟ್ಟೀ ಮ್ಯಾಲ ಕುಂತಿದ್ದ. ಅವ್ವ ಸಾಯೂತನಕ ಇದನ್ನ ಹೇಳಿ ಹೇಳಿ ನಗತಿದ್ಲು, ಮಾತು ಇರೂತನಕ."

ಅವನು ಕುರ್ಚಿಯ ಕೈಯನ್ನು ಒರೆಸಿದ, ಅಲ್ಲಿ ಧೂಳೇನೂ ಇರಲಿಲ್ಲ.

"ಅವತ್ತ ಆಕೀ ತೊಡಿ ಮ್ಯಾಲ ಇದ್ದಾಂವ ನಾ ರಿ, ಬಾಗಿಲ ಒಳಗ" ಎಂದ. "ಈ ಸಲ ಹೊರಗ ಉಳದೆ."